ದಸರೆಯ ನೀಲಕಂಠ, ಖಾರಿಯ ಫ್ಲೆಮಿಂಗೋ: ಮುಂಬಯಿಗೆ ಬರುವ ಶರತ್ಕಾಲದ ಅತಿಥಿಗಳು

ಮುಂಬಯಿ: ದಸರೆಯ ದಿನ ನೀಲಕಂಠ ಪಕ್ಷಿಯ ದರ್ಶನವಾದರೆ ವರ್ಷವಿಡೀ ಶುಭ ಎಂಬ ನಂಬಿಕೆ ಊರಿನ ಹಿರಿಯರಲ್ಲಿ ಇಂದಿಗೂ ಇದೆ. ಕರ್ನಾಟಕದ ರಾಜ್ಯಪಕ್ಷಿ ಎಂಬ ಗೌರವ ಸಂದಿರುವುದೂ ಇದೇ ಹಕ್ಕಿಗೆ. ಮಳೆಗಾಲ ಹಿಂದೆ ಸರಿದು ಗದ್ದೆ ಬಯಲು ಒಣಗತೊಡಗಿದಾಗ ಈ ನೀಲಕಂಠ ಪನ್ವೇಲ್, ಉರಣ್, ಕಲ್ಯಾಣ್ ಕಡೆಯ ಬಯಲುಗಳಿಗೂ ಬಂದು ವಿದ್ಯುತ್ ತಂತಿಯ ಮೇಲೆ ಕುಳಿತುಕೊಳ್ಳುತ್ತದೆ. ಕುಳಿತಾಗ ಮಾಸಲು ಕಂದು ಬಣ್ಣದ ಸಾಧಾರಣ ಹಕ್ಕಿ. ಮಿಡತೆಯ ಬೆನ್ನುಹತ್ತಿ ರೆಕ್ಕೆ ಬಿಚ್ಚಿದಾಗಲೇ ಆ ನೀಲಿಯ ವೈಭವ ಕಾಣುವುದು. ಊರಿಗೆ ಹೋಗಲು ರಜೆ ಸಿಗದವರು ಇದನ್ನು ನೋಡಲು ಲೋಕಲ್ ರೈಲು ಹತ್ತಿದರೂ ಸಾಕು.

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಮೂರು ತಿಂಗಳು ಮುಂಬಯಿ, ಥಾಣೆ, ರಾಯಗಡ ಪರಿಸರದಲ್ಲಿ ಹಕ್ಕಿಗಳ ಹೋಗಿಬರುವ ಕಾಲ. ಮಳೆಯೊಂದಿಗೆ ಬಂದಿದ್ದ ಚಾತಕ ಪಕ್ಷಿ ಆಫ್ರಿಕಾದತ್ತ ಹೊರಡುತ್ತದೆ. ಅತ್ತ ಹಿಮಾಲಯ, ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ ಚಳಿಗಾಲದ ಅತಿಥಿಗಳು ಒಂದೊಂದಾಗಿ ಬಂದಿಳಿಯುತ್ತವೆ. ಮೊದಲು ಬರುವವುಗಳಲ್ಲಿ ಬಾಲ ಕುಣಿಸುತ್ತಾ ಓಡಾಡುವ ಬೂದು ಸಿಪಿಲೆಯೂ ಒಂದು. ಊರಿನಲ್ಲಿ ಇದನ್ನು ಕುಂಡೆಕುಸ್ಕ ಎಂದರೆ ಎಲ್ಲರಿಗೂ ಅರ್ಥವಾದೀತು. ಗುಲಾಬಿ ಕಬ್ಬಕ್ಕಿಗಳೂ ಬೇಗ ಬರುತ್ತವೆ. ಸಂಜೆಯ ಹೊತ್ತು ಥಾಣೆ, ನವಿಮುಂಬಯಿಯ ಬಾನಿನಲ್ಲಿ ಹೊಗೆಯ ಸುರುಳಿಯಂತೆ ತಿರುಗುತ್ತಾ ಮರ ಸೇರುವ ಹಿಂಡುಗಳು ಹೆಚ್ಚಾಗಿ ಇವುಗಳದ್ದೇ.

ಪಂಚಾಂಗ ನೋಡಿ ಹೊರಡಿ

ಮುಂಬಯಿಯ ಹಕ್ಕಿ ವೀಕ್ಷಣೆಗೆ ದುಬಾರಿ ಕ್ಯಾಮರಾಕ್ಕಿಂತ ಸಮುದ್ರದ ಭರತ-ಇಳಿತದ ಲೆಕ್ಕ ಮುಖ್ಯ. ನೀರು ಇಳಿದಾಗ ಹಕ್ಕಿಗಳು ದೂರದ ಕೆಸರಿನಲ್ಲಿ ಆಹಾರ ಹುಡುಕುತ್ತಿರುತ್ತವೆ. ದಡದಿಂದ ನೋಡಿದರೆ ಬರಿಯ ಚುಕ್ಕಿಗಳು. ನೀರು ಏರಿದಂತೆ ಅವು ದಡದ ಹತ್ತಿರಕ್ಕೂ ಒಳಗಿನ ಕೊಳಗಳಿಗೂ ಸರಿಯುತ್ತವೆ. ಹಾಗಾಗಿ ಭರತದ ಹಿಂದು ಮುಂದಿನ ಎರಡು ಗಂಟೆ ನೋಡುಗರಿಗೆ ಒಳ್ಳೆಯ ಸಮಯ.

ಕೊಂಕಣ ತೀರದ ಮೀನುಗಾರರಲ್ಲಿ ಇದಕ್ಕೊಂದು ಸುಲಭ ಲೆಕ್ಕವಿದೆ. ಆ ದಿನದ ತಿಥಿಯನ್ನು ಮುಕ್ಕಾಲರಿಂದ ಗುಣಿಸಿದರೆ ಭರತದ ಗಂಟೆ ಸಿಗುತ್ತದೆ. ಅಷ್ಟಮಿಯಂದು ಸುಮಾರು ಆರು ಗಂಟೆ, ದ್ವಾದಶಿಯಂದು ಒಂಬತ್ತು ಗಂಟೆ. ಇದು ಅಂದಾಜು ಮಾತ್ರ. ಥಾಣೆ ಖಾರಿಯ ಒಳಭಾಗದಲ್ಲಿ ನೀರು ಇನ್ನೂ ಸ್ವಲ್ಪ ತಡವಾಗಿ ಏರುತ್ತದೆ. ಆದರೂ ದಶಮಿ, ಏಕಾದಶಿ, ದ್ವಾದಶಿ ರವಿವಾರದ ಆಸುಪಾಸಿನಲ್ಲಿ ಬಂದರೆ ಬೆಳಗ್ಗಿನ ಹೊತ್ತೇ ಭರತ ಎಂದು ಧೈರ್ಯವಾಗಿ ಹೊರಡಬಹುದು. ಅಕ್ಟೋಬರ್ ಹೀಟ್ ಏರುವ ಮೊದಲೇ ಮನೆ ಸೇರಿಕೊಳ್ಳಲೂಬಹುದು.

ಎಲ್ಲಿ, ಏನು ನೋಡಬಹುದು?

ಪಶ್ಚಿಮ ರೈಲ್ವೆಯ ಉಪನಗರಗಳಲ್ಲಿ ಇರುವವರಿಗೆ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವನವೇ ಹತ್ತಿರ. ಸುಮಾರು 104 ಚದರ ಕಿ.ಮೀ. ಹರಡಿರುವ ಈ ಕಾಡಿಗೆ ಅಕ್ಟೋಬರ್ ಹೊತ್ತಿಗೆ ನೊಣ ಹಿಡಿಯುವ ಪುಟ್ಟ ಹಕ್ಕಿಗಳು ಬರತೊಡಗುತ್ತವೆ. ಬಿಳಿ ರಿಬ್ಬನ್‌ನಂಥ ಉದ್ದ ಬಾಲ ಬೀಸುತ್ತಾ ಸಾಗುವ ಗಂಡು ರಾಜಹಕ್ಕಿ ಕಂಡರೆ ಮಕ್ಕಳು ಮರೆಯಲಾರರು. ಸೋಮವಾರ ಉದ್ಯಾನವನಕ್ಕೆ ರಜೆ. ಚಿರತೆಗಳ ನೆಲೆಯಾದುದರಿಂದ ಅನುಮತಿ ಇರುವ ದಾರಿಯಲ್ಲಿ, ಹಗಲು ಹೊತ್ತಿನಲ್ಲೇ ನಡೆಯಬೇಕು. ಗೋರೆಗಾಂವ್ ಪೂರ್ವದ ಫಿಲ್ಮ್ ಸಿಟಿ ಪಕ್ಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಶಿಕ್ಷಣ ಕೇಂದ್ರವೂ ಇದ್ದು, ಹೊಸಬರಿಗೆ ಅದು ಒಳ್ಳೆಯ ಆರಂಭ.

ಮುಲುಂಡ್, ಭಾಂಡೂಪ್, ಥಾಣೆ ಪರಿಸರದವರಿಗೆ ಪೂರ್ವ ದ್ರುತಗತಿ ಮಾರ್ಗದಾಚೆಗಿನ ಭಾಂಡೂಪ್ ಪಂಪಿಂಗ್ ಸ್ಟೇಷನ್ ಸುತ್ತಲ ಜೌಗು ಪ್ರದೇಶವಿದೆ. ಚಿಕ್ಕ ಗೊರವಗಳು, ಉದ್ದ ಕೊಕ್ಕಿನ ಗಾಡ್‌ವಿಟ್‌ಗಳು, ಹುಲ್ಲಿನ ಮೇಲೆ ತಗ್ಗಾಗಿ ತೇಲುತ್ತಾ ಬೇಟೆ ಹುಡುಕುವ ಮಾರ್ಷ್ ಹ್ಯಾರಿಯರ್, ಆಪು ಹುಲ್ಲಿನ ಬುಡದಲ್ಲಿ ಇಣುಕುವ ನೀಲಿ ಗಂಟಲಿನ ಬ್ಲೂಥ್ರೋಟ್ ಇಲ್ಲಿನ ವಿಶೇಷ. ಒಳಗೆ ಹೋಗುವ ಮೊದಲು ಅನುಮತಿಯ ಬಗ್ಗೆ ವಿಚಾರಿಸಿಕೊಳ್ಳುವುದು ಉತ್ತಮ. ಎದುರು ದಡದ ಐರೋಲಿಯಲ್ಲಿ ರಾಜ್ಯದ ಮ್ಯಾಂಗ್ರೋವ್ ವಿಭಾಗದ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ. ಅಲ್ಲಿಂದ ಭರತದ ಹೊತ್ತಿನಲ್ಲಿ ದೋಣಿ ವಿಹಾರದ ವ್ಯವಸ್ಥೆಯೂ ಇರುತ್ತದೆ. ನಡೆಯಲು ಕಷ್ಟಪಡುವ ಹಿರಿಯ ನಾಗರಿಕರಿಗೆ ಇದು ಅನುಕೂಲ.

ಹಾರ್ಬರ್ ಮಾರ್ಗದವರಿಗೆ ಒಂದು ಕಾಲದಲ್ಲಿ ಫ್ಲೆಮಿಂಗೋ ಎಂದರೆ ಶಿವಡಿಯೇ ನೆನಪಾಗುತ್ತಿತ್ತು. 1990ರ ದಶಕದಿಂದ ಅಲ್ಲಿನ ಕೆಸರು ದಂಡೆಯಲ್ಲಿ ಗುಲಾಬಿ ಹಿಂಡುಗಳು ನೆರೆಯುತ್ತಿದ್ದವು. ಆ ದಂಡೆಯ ಮೇಲಿಂದಲೇ ಸಾಗುವ 21.8 ಕಿ.ಮೀ. ಉದ್ದದ ಅಟಲ್ ಸೇತು 2024ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಇಂದು ನೆರೂಳ್-ಸೀವುಡ್ಸ್ ಭಾಗದ ಟಿ.ಎಸ್. ಚಾಣಕ್ಯ ಹಿಂಭಾಗ, ಎನ್‌ಆರ್‌ಐ ಸಂಕೀರ್ಣದ ಬಳಿಯ ತೇವಭೂಮಿ, ಡಿಪಿಎಸ್ ಕೆರೆ ನೋಡುಗರ ಮೆಚ್ಚಿನ ತಾಣಗಳು. ಮೊದಲ ಹಿಂಡುಗಳು ಬರುವುದು ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ. ಗುಜರಾತಿನ ಕಛ್ ರಣದಂಥ ಕಡೆಗಳಿಂದ ಬರುವ ಅವು ಮೇ ತಿಂಗಳವರೆಗೂ ಉಳಿಯುತ್ತವೆ. ದೀಪಾವಳಿಗೆ ಹೋಗಿ ಕಾಣದೆ ಮರಳಿದವರು ಬೇಸರಿಸದೆ ಜನವರಿಯಲ್ಲಿ ಮತ್ತೊಮ್ಮೆ ಹೋಗಬೇಕು.

2024ರಲ್ಲೇ ಲೋಕಲ್ ರೈಲು ಉರಣ್‌ವರೆಗೆ ತಲುಪಿದ್ದರಿಂದ ಆ ಕಡೆಯ ತೇವಭೂಮಿಗಳೂ ಹತ್ತಿರವಾಗಿವೆ. ಚಲುಕದ ಬಾತು, ಸೂಜಿಬಾಲದ ಬಾತುಗಳಿಗೆ ಪಾಂಜೆ ಹೆಸರಾದ ಜಾಗ. ಇನ್ನು ಬಸ್ಸಿನಲ್ಲಿ ಊರಿಗೆ ಹೋಗುವವರೆಲ್ಲ ಪನ್ವೇಲ್ ದಾಟಿದೊಡನೆ ಹೆಬ್ಬೆರಳಿನಂತೆ ನಿಂತ ಬಂಡೆಯೊಂದನ್ನು ಕಂಡಿರುತ್ತಾರೆ. ಅದೇ ಕರ್ನಾಳಾ ಕೋಟೆ. ಅದರ ಬುಡದ ಕಾಡು 1968ರಲ್ಲಿ ಪಕ್ಷಿಧಾಮವಾಯಿತು. ಪ್ರತಿ ವರ್ಷ ಗೋವಾ ಹೆದ್ದಾರಿಯಲ್ಲಿ ಅದರ ನಡುವೆಯೇ ಸಾಗಿದವರು ಒಮ್ಮೆ ಇಳಿದು ನೋಡಿದರೆ ನಷ್ಟವಿಲ್ಲ.

ಎಲ್ಲಿಗೂ ಹೋಗಲಾಗದವರಿಗೆ ಜುಹೂ, ಗಿರ್ಗಾಂವ್ ಚೌಪಾಟಿಗಳಿವೆ. ಟಿಬೆಟ್ ಪ್ರಸ್ಥಭೂಮಿಯ ಸರೋವರಗಳ ಬಳಿ ಮರಿ ಮಾಡುವ ಕಂದು ತಲೆಯ ಕಡಲಕ್ಕಿಗಳು ಚಳಿಗಾಲಕ್ಕೆ ಅಲ್ಲಿಗೆ ಬರುತ್ತವೆ. ಗೇಟ್‌ವೇಯಿಂದ ಹೊರಡುವ ಲಾಂಚಿನಲ್ಲಿ ಇವುಗಳಿಗೆ ಗಾಂಠಿಯಾ ಎಸೆಯುವುದು ಹಲವರಿಗೆ ಮೋಜು. ಮೀನು ತಿನ್ನುವ ಹಕ್ಕಿಗೆ ಎಣ್ಣೆಯಲ್ಲಿ ಕರಿದ ತಿಂಡಿ ಹಿತವಲ್ಲ ಎಂಬುದನ್ನು ಹಿರಿಯರೇ ಮಕ್ಕಳಿಗೆ ತಿಳಿಹೇಳಬೇಕು.

ಮನಸ್ಸು ಮಾಡಿದರೆ ಉಳಿಯುತ್ತವೆ

ನವೆಂಬರ್ ಕೊನೆಯ ವಾರಗಳಲ್ಲಿ ಲೋಣಾವಳ ಘಟ್ಟದ ಮೇಲೆ ಪಾರಿವಾಳದ ಗಾತ್ರದ ಅಮೂರ್ ಫಾಲ್ಕನ್ ಕಾಣಿಸಿಕೊಳ್ಳುತ್ತದೆ. ಪೂರ್ವ ಸೈಬೀರಿಯಾ, ಉತ್ತರ ಚೀನಾದಿಂದ ಹೊರಟು ಅರಬೀ ಸಮುದ್ರ ದಾಟಿ ಆಫ್ರಿಕಾದ ದಕ್ಷಿಣಕ್ಕೆ ಹೋಗುವ ಹಕ್ಕಿಯಿದು. ದಾರಿಯಲ್ಲಿ ತಂಗುವ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ 2012ರಲ್ಲಿ ಇವುಗಳನ್ನು ಬಲೆ ಹಾಕಿ ಅಪಾರ ಸಂಖ್ಯೆಯಲ್ಲಿ ಕೊಲ್ಲಲಾಗಿತ್ತು. ಮರುವರ್ಷವೇ ಅಲ್ಲಿನ ಗ್ರಾಮಸ್ಥರು ಬೇಟೆ ನಿಲ್ಲಿಸಿ, ಹಕ್ಕಿಗಳ ಕಾವಲಿಗೆ ನಿಂತರು.

ಮುಂಬಯಿ ಪರಿಸರದ ಸಮಸ್ಯೆ ಬೇಟೆಯದ್ದಲ್ಲ, ನೀರಿನದ್ದು. ಥಾಣೆ ಖಾರಿಯನ್ನು 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಅದು ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ಆದರೆ ಭರತದ ವೇಳೆ ಹಕ್ಕಿಗಳು ಕಾಲೂರುವ ಸುತ್ತಲ ಕೊಳಗಳು ಬಹುಪಾಲು ಅಭಯಾರಣ್ಯದ ಗೆರೆಯ ಹೊರಗೇ ಉಳಿದವು. ಡಿಪಿಎಸ್ ಕೆರೆಗೆ ಸಮುದ್ರದ ನೀರು ಬರುವ ದಾರಿ ಮುಚ್ಚಿಹೋಗಿ ನೀರು ಪಾಚಿಗಟ್ಟಿತು. 2024ರ ಬೇಸಿಗೆಯಲ್ಲಿ ಆ ಪರಿಸರದಲ್ಲಿ ಹಲವು ಫ್ಲೆಮಿಂಗೋಗಳು ಸತ್ತವು. ಅದೇ ಮೇ ತಿಂಗಳಲ್ಲಿ ಘಾಟ್ಕೋಪರ್ ಮೇಲೆ ವಿಮಾನಕ್ಕೆ ಬಡಿದು 39 ಹಕ್ಕಿಗಳು ಬಲಿಯಾದದ್ದು ದೇಶದಾದ್ಯಂತ ಸುದ್ದಿಯಾಯಿತು. ಕೆರೆ ಉಳಿಸಲು ಸ್ಥಳೀಯ ನಿವಾಸಿಗಳು ಮಕ್ಕಳೊಂದಿಗೆ ಬೀದಿಗಿಳಿದರು. ಪತ್ರ ಬರೆದರು, ಮಾನವ ಸರಪಳಿ ರಚಿಸಿದರು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಸುಮಾರು 30 ಎಕರೆಯ ಆ ಕೆರೆಯನ್ನು ಸಂರಕ್ಷಿತ ಪ್ರದೇಶವಾಗಿಸಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ನೀಡಿತು. ದಿನವೂ ಆ ದಾರಿಯಲ್ಲಿ ವಾಕಿಂಗ್ ಹೋಗುತ್ತಿದ್ದ ಸಾಮಾನ್ಯ ಜನ ಹಕ್ಕಿಗಳನ್ನು ಗುರುತಿಸುತ್ತಿದ್ದುದರಿಂದಲೇ ಅವು ಇಲ್ಲವಾದಾಗ ಕೇಳುವವರಿದ್ದರು.

ರಾಜ್ಯೋತ್ಸವದ ತಿಂಗಳಲ್ಲೊಂದು ಬೆಳಗು

ಕನ್ನಡ ಸಂಘಗಳಿಗೆ ನವೆಂಬರ್ ಎಂದರೆ ರಾಜ್ಯೋತ್ಸವದ ಸಡಗರ. ಅದೇ ತಿಂಗಳ 12 ಪಕ್ಷಿತಜ್ಞ ಡಾ. ಸಲೀಂ ಅಲಿ ಅವರ ಜನ್ಮದಿನ. 1896ರಲ್ಲಿ ಮುಂಬಯಿಯಲ್ಲೇ ಜನಿಸಿದ ಅವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಮಹಾರಾಜರ ಮನವೊಲಿಸಿ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗಲು ಕಾರಣರಾದರು. ಕನ್ನಡ ನಾಡಿಗೆ ರಂಗನತಿಟ್ಟನ್ನು ಉಳಿಸಿಕೊಟ್ಟ ಮುಂಬಯಿಗನ ಹೆಸರಿನಲ್ಲಿ, ಮುಂಬಯಿಯ ಕನ್ನಡಿಗರು ಒಂದು ರವಿವಾರ ಬೆಳಗ್ಗೆ ಖಾರಿಯ ದಂಡೆಗೆ ಹೋಗುವುದು ಉಚಿತವೇ ಆದೀತು.

ಇದಕ್ಕೆ ಸಭಾಗೃಹ ಬೇಡ, ಹಾರ ತುರಾಯಿ ಬೇಡ. ಹತ್ತು ಹದಿನೈದು ಮಂದಿ, ಒಂದೆರಡು ದುರ್ಬೀನು, ನೀರಿನ ಬಾಟಲಿ, ಮಂದ ಬಣ್ಣದ ಉಡುಪು ಸಾಕು. ಫೋಟೋಗಾಗಿ ಹಿಂಡನ್ನು ಎಬ್ಬಿಸಿ ಹಾರಿಸಬಾರದು. ಕಂಡ ಹಕ್ಕಿಗಳ ಹೆಸರು, ದಿನಾಂಕ, ಸ್ಥಳವನ್ನು ಮಕ್ಕಳಿಂದಲೇ ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆಸಿ, ಆ ಪುಸ್ತಕವನ್ನು ಸಂಘದ ಕಚೇರಿಯಲ್ಲಿ ಇಟ್ಟುಕೊಂಡರೆ ಮುಂದಿನ ಶರತ್ಕಾಲದಲ್ಲಿ ಯಾವ ಅತಿಥಿ ಬಂತು, ಯಾವುದು ಬರಲಿಲ್ಲ ಎಂದು ತಿಳಿಯುತ್ತದೆ. ಬಾರದ ಹಕ್ಕಿಯ ಬಗ್ಗೆ ಕೇಳಬೇಕಾದರೆ ಬಂದ ಹಕ್ಕಿಯ ಲೆಕ್ಕ ಕೈಯಲ್ಲಿರಬೇಕು.