ಒಂದೇ ಕೋಣೆಯ ಶಾಲೆ

ನಮ್ಮಲ್ಲಿ ಅನೇಕರು ಅಕ್ಷರ ಕಲಿತದ್ದು ಏಕೋಪಾಧ್ಯಾಯ ಶಾಲೆಯಲ್ಲಿ. ಒಬ್ಬರೇ ಮೇಷ್ಟ್ರು, ನಾಲ್ಕು ತರಗತಿ, ಒಂದೇ ಕೋಣೆ. ಈ ದೇಶದಲ್ಲೂ ಅಂಥ ಶಾಲೆಗಳಿದ್ದುವೆಂದರೆ ನಮ್ಮ ಮಕ್ಕಳು ನಂಬುವುದಿಲ್ಲ. ಆದ್ದರಿಂದ ಮಕ್ಕಳನ್ನು ಕಾರಿನಲ್ಲಿ ಕೂಡಿಸಿಕೊಂಡು, ಚಿತ್ರಾನ್ನ ಮೊಸರನ್ನದ ಬುತ್ತಿ ಕಟ್ಟಿಕೊಂಡು, ನೆಬ್ರಾಸ್ಕದ ಬಿಯಾಟ್ರಿಸ್ ಊರಿನ ಪಕ್ಕದ ಫ್ರೀಮನ್ ಶಾಲೆಯನ್ನು ನೋಡಿಬಂದೆವು.

ಇದು 1872ರಲ್ಲಿ ಕಟ್ಟಿದ ಇಟ್ಟಿಗೆಯ ಕಟ್ಟಡ. 1967ರವರೆಗೆ, ಎಂದರೆ 95 ವರ್ಷ, ಇಲ್ಲಿ ಪಾಠ ನಡೆಯಿತು. ರೈತರ ಮಕ್ಕಳು, ಚಿಕ್ಕವರು ದೊಡ್ಡವರೆಲ್ಲ, ಒಟ್ಟಿಗೇ ಕೂತು ಕಲಿತರು. ಮತದಾನವೂ ಇಲ್ಲಿಯೇ ನಡೆಯುತ್ತಿತ್ತು. ಈಗ ಇದು ಹೋಮ್‌ಸ್ಟೆಡ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನಕ್ಕೆ ಸೇರಿದೆ.

ಈ ಸೀಮೆ ಮೊದಲು ಓಟೊ-ಮಿಸೂರಿಯ ಜನರದು. 1862ರಲ್ಲಿ ಲಿಂಕನ್ ಸಹಿ ಮಾಡಿದ ಕಾಯಿದೆಯ ಪ್ರಕಾರ, ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆ ಜಮೀನು ಸ್ವಂತವಾಗುತ್ತಿತ್ತು. ಕಾಯಿದೆ ಜಾರಿಗೆ ಬಂದ ದಿನವೇ, 1863ರ ಜನವರಿ 1ರಂದು, ಅರ್ಜಿ ಹಾಕಿದವರಲ್ಲಿ ಡೇನಿಯಲ್ ಫ್ರೀಮನ್ ಒಬ್ಬ. ಅವನ ಜಮೀನೇ ಇಂದಿನ ಉದ್ಯಾನ.

ಈ ಪುಟ್ಟ ಶಾಲೆಯಿಂದ ಒಂದು ದೊಡ್ಡ ಮೊಕದ್ದಮೆ ಹುಟ್ಟಿತು. 1899ರಲ್ಲಿ ಇಲ್ಲಿನ ಶಿಕ್ಷಕಿ ತರಗತಿಯಲ್ಲಿ ಬೈಬಲ್ ಓದಿಸಿ ಪ್ರಾರ್ಥನೆ ಮಾಡಿಸುತ್ತಿದ್ದುದಕ್ಕೆ ಫ್ರೀಮನ್ ಆಕ್ಷೇಪಿಸಿದ. ಶಾಲಾ ಮಂಡಲಿ ಕಿವಿಗೊಡಲಿಲ್ಲ. ಕೆಳಗಿನ ಕೋರ್ಟಿನಲ್ಲಿ ಸೋತರೂ ಅವನು ಬಿಡಲಿಲ್ಲ. 1902ರಲ್ಲಿ ನೆಬ್ರಾಸ್ಕದ ಸರ್ವೋಚ್ಚ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. ಗ್ರಂಥವೇ ಶಾಲೆಯಲ್ಲಿ ಇರಕೂಡದೆಂದು ನ್ಯಾಯಾಧೀಶರು ಹೇಳಲಿಲ್ಲ. ಸರ್ಕಾರಿ ಶಾಲೆಯಲ್ಲಿ ಮತೀಯ ಆರಾಧನೆ ನಡೆಯಕೂಡದೆಂದರು. ಇಡೀ ದೇಶಕ್ಕೆ ಅನ್ವಯಿಸುವ ಇಂಥದೇ ತೀರ್ಪು ಬಂದದ್ದು 1963ರಲ್ಲಿ, ಅರುವತ್ತೊಂದು ವರ್ಷಗಳ ಮೇಲೆ!

ಫ್ರೀಮನ್ ಹೋರಾಡಿದ್ದು ನಮಗಾಗಿ ಅಲ್ಲ. ನಾವು ಬರುತ್ತೇವೆಂದು ಅವನು ಕನಸಿನಲ್ಲೂ ಎಣಿಸಿರಲಾರ. ಆದರೂ ಸಂಜೆ ದೇವರ ಮುಂದೆ ದೀಪ ಹಚ್ಚಿ ಶ್ಲೋಕ ಹೇಳುವ ನಮ್ಮ ಮಕ್ಕಳು, ಬೆಳಗ್ಗೆ ಈ ದೇಶದ ಸರ್ಕಾರಿ ಶಾಲೆಯಲ್ಲಿ ಯಾರ ಮುಂದೆಯೂ ತಮ್ಮ ದೇವರ ವಿಷಯ ಹೇಳಿಕೊಳ್ಳಬೇಕಾಗಿಲ್ಲ, ಬಚ್ಚಿಡಬೇಕಾಗಿಯೂ ಇಲ್ಲ. ಆ ಬೆಂಚುಗಳನ್ನು ನೋಡುತ್ತ ನಮಗೆ ಈ ಮಾತು ಹೊಳೆಯಿತು. ಮಕ್ಕಳಿಗೂ ಅಲ್ಲಿಯೇ ತಿಳಿಸಿ ಹೇಳಿದೆವು.

ಲಿಂಕನ್ ನಗರದಿಂದ ದಕ್ಷಿಣಕ್ಕೆ ಸುಮಾರು 40 ಮೈಲಿ. ಪ್ರವೇಶಕ್ಕೆ ಹಣವಿಲ್ಲ. ಶಾಲೆಯ ಒಳಗೆ ನೋಡಬೇಕೆನ್ನುವವರು ಮೊದಲೇ ಉದ್ಯಾನದ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಬುತ್ತಿ ಮರೆಯಬೇಡಿ!