ಫ್ಲಾಶಿಗೊಂದು ಹೆಗಲ ಬ್ಯಾಟರಿ

ಗಟ್ಟಿಮೇಳ ಶುರುವಾಯಿತೆಂದರೆ ಮದುವೆ ಫೋಟೋ ತೆಗೆಯುವವರಿಗೆ ಉಸಿರಾಡಲು ಪುರುಸೊತ್ತಿಲ್ಲ. ತಾಳಿಯ ಗಂಟು ಬೀಳುವಾಗ ಒಂದು ಚಿತ್ರ ಬೇಕು, ಅಕ್ಷತೆ ಇನ್ನೂ ಗಾಳಿಯಲ್ಲಿರುವಾಗ ಇನ್ನೊಂದು, ಹೆಣ್ಣಿನ ತಾಯಿ ಕಣ್ಣೊರೆಸಿಕೊಳ್ಳುವಾಗ ಮತ್ತೊಂದು. ಮೊದಲ ಸಲ ಫ್ಲಾಶ್ ಸರಿಯಾಗಿಯೇ ಬೆಳಗುತ್ತದೆ. ಎರಡನೆಯ ಸಲಕ್ಕೆ ಅದರ ಪುಟ್ಟ ಕೆಂಪು ದೀಪ ಹತ್ತಿರುವುದೇ ಇಲ್ಲ. ಸೆಲ್ ಖಾಲಿಯಾಗಿಲ್ಲ. ಬೇಕಾದಷ್ಟು ಬೇಗ ಕೊಡಲು ಅದಕ್ಕೆ ಆಗುತ್ತಿಲ್ಲ, ಅಷ್ಟೆ.

ಫ್ಲಾಶಿನಲ್ಲಿ ಝೆನಾನ್ ಅನಿಲ ತುಂಬಿದ ಗಾಜಿನ ಕೊಳವೆಯಿರುತ್ತದೆ. ಅದು ಬೆಳಗಲು ಸುಮಾರು 330 ವೋಲ್ಟ್ ಬೇಕು. ನಾಲ್ಕು ಪೆನ್ಸಿಲ್ ಸೆಲ್‌ಗಳಿಂದ ಸಿಗುವುದು 6 ವೋಲ್ಟ್. ಒಳಗಿನ ಸರ್ಕೀಟು ಈ ಆರನ್ನು ಏರಿಸಿ ದೊಡ್ಡ ಕೆಪಾಸಿಟರಿನಲ್ಲಿ ತುಂಬಿಡುತ್ತದೆ. ಸ್ವಿಚ್ ಹಾಕಿದಾಗ ಕುಂಯ್ ಎಂದು ಕೇಳುವ ಸಣ್ಣ ಸದ್ದು ಅದರದ್ದೇ. ಹೀಗೆ ಕೂಡಿಟ್ಟ ವಿದ್ಯುತ್ತನ್ನು ಕೊಳವೆಯಲ್ಲಿ ಒಮ್ಮೆಗೇ ಹರಿಸಿ ಚಿತ್ರ ತೆಗೆಯುವ ವಿಧಾನವನ್ನು 1930ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಹೆರಾಲ್ಡ್ ಎಡ್ಜರ್ಟನ್ ಬೆಳೆಸಿದರು. ದೊಡ್ಡ ಫ್ಲಾಶೊಂದರ ಕೆಪಾಸಿಟರಿನಲ್ಲಿ ಸುಮಾರು 60 ಜೌಲ್ ಶಕ್ತಿ ಕೂಡಿರುತ್ತದೆ. ಅದು ಖರ್ಚಾಗಲು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಸಾಕು, ಮತ್ತೆ ತುಂಬಲು ಹಲವು ಸೆಕೆಂಡು ಬೇಕು.

ತುಂಬುವ ವೇಗ ಸೆಲ್‌ನ ಒಳರೋಧವನ್ನು ಅವಲಂಬಿಸಿದೆ. ಒಂದು ಆಲ್ಕಲೈನ್ ಸೆಲ್‌ನ ಒಳರೋಧ ಸುಮಾರು 0.15 ಓಮ್ ಎಂದಿಟ್ಟುಕೊಳ್ಳೋಣ. ಸಾಲಾಗಿ ನಾಲ್ಕು ಸೇರಿದರೆ 0.6. ಫ್ಲಾಶ್ 4 ಆಂಪಿಯರ್ ಎಳೆದಾಗ 2.4 ವೋಲ್ಟ್ ಸೆಲ್‌ಗಳ ಒಳಗೇ ಶಾಖವಾಗಿ ಹೋಗುತ್ತದೆ, ಸರ್ಕೀಟಿಗೆ ಮುಟ್ಟುವುದು 3.6 ಮಾತ್ರ. ಚಿತ್ರದ ಮೇಲೆ ಚಿತ್ರ ತೆಗೆದ ಮೇಲೆ ಸೆಲ್ ಕೈಗೆ ಬಿಸಿ ತಗಲುವುದು ಇದರಿಂದ. ನಿಕೆಲ್ ಸೆಲ್‌ಗಳ ಒಳರೋಧ ಬಹಳ ಕಡಿಮೆ, ಹೀಗಾಗಿ 1.2 ವೋಲ್ಟಿನವಾದರೂ ಅವೇ ಬೇಗ ತುಂಬುತ್ತವೆ. 6 ವೋಲ್ಟ್, 4.5 ಆಂಪಿಯರ್-ಅವರ್ ಮುಚ್ಚಿದ ಸೀಸದ ಬ್ಯಾಟರಿ ಇನ್ನೂ ಒಂದು ಹೆಜ್ಜೆ ಮುಂದೆ. ಎಮರ್ಜೆನ್ಸಿ ಲ್ಯಾಂಪಿನಲ್ಲಿ ಕೂರುವ ಕಪ್ಪು ಡಬ್ಬಿಯೇ ಅದು. ತೂಕ ಮುಕ್ಕಾಲು ಕಿಲೋ ಆಸುಪಾಸು. ಚರ್ಮದ ಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಂಡರೆ ಇಡೀ ಆರತಕ್ಷತೆ ಮುಗಿಸಿಕೊಡುತ್ತದೆ.

ಬ್ಯಾಟರಿಯನ್ನು ಫ್ಲಾಶಿಗೆ ಸೇರಿಸುವ ಬಗೆಯೇ ಈ ಕೆಲಸದ ಜಾಣತನ. ಫ್ಲಾಶನ್ನು ಬಿಚ್ಚಬೇಕಾಗಿಲ್ಲ, ಸುಳ್ಳು ಸೆಲ್ ಮಾಡಿದರೆ ಸಾಕು. ಎಎ ಸೆಲ್‌ನ ದಪ್ಪ 14.5 ಮಿ.ಮೀ., ಉದ್ದ 50.5 ಮಿ.ಮೀ. ದುಂಡನೆಯ ಮರದ ತುಂಡೊಂದನ್ನು ಅಷ್ಟೇ ದಪ್ಪಕ್ಕೆ ಉಜ್ಜಿ, ತುದಿಗೆ ಹಿತ್ತಾಳೆ ಸ್ಕ್ರೂ ತಿರುಗಿಸಿ, ಸ್ಕ್ರೂ ತಲೆ ಸೇರಿ ಉದ್ದ ಸರಿಯಾಗುವಂತೆ ಇನ್ನೊಂದು ತುದಿಯನ್ನು ಕತ್ತರಿಸಿ. ವೈರನ್ನು ಸ್ಕ್ರೂವಿಗೆ ಬೆಸೆದು, ಮರದ ಮೈಯಲ್ಲಿ ಕೊರೆದ ಗೀರಿನಲ್ಲಿ ಕೂರಿಸಿ ಹೊರಗೆ ತನ್ನಿ. ಇಂಥವು ಎರಡು ಬೇಕು. ಸೆಲ್ ಕೂರುವ ಗೂಡಿನೊಳಗೆ ಹೆಚ್ಚಿನ ಲೋಹದ ತುದಿಗಳು ಜೋಡಿ ಜೋಡಿಯಾಗಿ ಪಟ್ಟಿಯಿಂದ ಕೂಡಿರುತ್ತವೆ. ಯಾವ ಜೋಡಿಗೂ ಸೇರದ ಒಂದು ಪ್ಲಸ್, ಒಂದು ಮೈನಸ್ ಉಳಿಯುತ್ತವೆ. ಮಲ್ಟಿಮೀಟರಿನ ಬೀಪ್ ಸದ್ದಿನಿಂದ ಅವನ್ನು ಗುರುತಿಸಿ, ಅವೆರಡಕ್ಕೇ ಸುಳ್ಳು ಸೆಲ್ ಒತ್ತುವಂತೆ ಇಡಿ. ಉಳಿದೆರಡು ಗೂಡು ಖಾಲಿ ಇರಲಿ. ವೈರ್ ಹೊರಬರಲು ಮುಚ್ಚಳದ ಅಂಚಿನಲ್ಲಿ ಸಣ್ಣ ಕಚ್ಚು ಸಾಕು. ಪ್ಲಸ್-ಮೈನಸ್ ಅದಲುಬದಲಾದರೆ ಫ್ಲಾಶ್ ಅಲ್ಲಿಗೇ ಸುಟ್ಟುಹೋಗಬಹುದು. ಆದ್ದರಿಂದ ಕೆಂಪು ವೈರನ್ನು ಪ್ಲಸ್ಸಿಗೆ ಬಿಟ್ಟು ಬೇರೆಲ್ಲೂ ಬಳಸಬೇಡಿ.

ವೈರಿನಲ್ಲಿ ಜಿಪುಣತನ ಮಾಡಿದರೆ ಇಷ್ಟೆಲ್ಲ ಮಾಡಿದ್ದೂ ದಂಡ. ಒಂದು ಮೀಟರ್ ಉದ್ದದ ಜೋಡಿ ವೈರಿನಲ್ಲಿ 5 ಆಂಪಿಯರ್ ಹರಿದಾಗ, ಒಳಗಿನ ತಾಮ್ರ 0.2 ಚದರ ಮಿ.ಮೀ. ಇದ್ದರೆ ಸುಮಾರು 0.85 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 1.5 ಚದರ ಮಿ.ಮೀ. ಇದ್ದರೆ ಹೋಗುವುದು 0.12 ಮಾತ್ರ. ಮನೆಯ ಲೈಟಿಗೆ ಎಳೆಯುವ ವೈರ್ ಈ ದಪ್ಪದ್ದೇ, ಆದರೆ ಹಲವು ಸಣ್ಣ ಎಳೆಗಳ ಬಳುಕುವ ಬಗೆಯದನ್ನೇ ಕೇಳಿ ತನ್ನಿ; ಒಂಟಿ ಎಳೆಯದು ಬಾಗಿ ಬಾಗಿ ಮುರಿಯುತ್ತದೆ.

ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಇರಲೇಬೇಕು. ವೈರಿನ ಹೊದಿಕೆ ಸವೆದು ಎರಡೂ ತಾಗಿದರೆ ಈ ಪುಟ್ಟ ಬ್ಯಾಟರಿ ನೂರು ಆಂಪಿಯರ್ ಮೀರಿ ಸುರಿಯಬಲ್ಲದು, ಮತ್ತು ಅದು ತೂಗುತ್ತಿರುವುದು ನಿಮ್ಮ ಪಕ್ಕೆಲುಬಿಗೆ ಒತ್ತಿಕೊಂಡು. ಲಿಥಿಯಂ ಹಗುರ ಎಂದು ಎರಡು 3.7 ವೋಲ್ಟಿನ ಸೆಲ್ ಸೇರಿಸುವವರಿದ್ದಾರೆ. ಪೂರ್ತಿ ಚಾರ್ಜಾದಾಗ ಅವು 8.4 ವೋಲ್ಟ್ ಕೊಡುತ್ತವೆ. 6 ವೋಲ್ಟಿನ ಫ್ಲಾಶಿಗೆ ಅದು ಅಪಾಯ.

ಮಾರುಕಟ್ಟೆಯಲ್ಲಿ ಇನ್ನೊಂದು ಬಗೆಯ ಪ್ಯಾಕ್ ಸಿಗುತ್ತದೆ. ಅದು 300 ವೋಲ್ಟಿನ ಆಸುಪಾಸಿನ ವಿದ್ಯುತ್ತನ್ನು ನೇರವಾಗಿ ಕೆಪಾಸಿಟರಿಗೆ ಕಳಿಸುತ್ತದೆ. ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಸ್ವಿಚ್ ಆರಿಸಿ, ಸೆಲ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಅದರ ಹೊಡೆತ ಪ್ರಾಣ ತೆಗೆಯಬಲ್ಲದು. ಕೆಟ್ಟ ಫ್ಲಾಶನ್ನು ಕುತೂಹಲಕ್ಕೆ ಬಿಚ್ಚುವ ಹುಡುಗರಿಗೆ ಇದನ್ನು ಮನೆಯವರು ಮುಖ್ಯವಾಗಿ ಹೇಳಬೇಕು.

ಪ್ಯಾಕ್ ಸಿದ್ಧವಾದ ಮೇಲೆ ಫ್ಲಾಶ್ ಬೇಗ ತುಂಬುತ್ತದೆ, ಅಷ್ಟೇ ಬೇಗ ಕಾಯುತ್ತದೆ ಕೂಡ. ಸಣ್ಣ ಸೆಲ್ ನಿಧಾನವಾಗಿದ್ದಾಗ ಕೊಳವೆಗೆ ತಾನಾಗಿ ಸಿಗುತ್ತಿದ್ದ ಬಿಡುವು ಈಗಿಲ್ಲ. ಪೂರ್ಣ ಬೆಳಕಿನಲ್ಲಿ ಎಡೆಬಿಡದೆ ಹೊಡೆದರೆ ಮುಂದಿನ ಪ್ಲಾಸ್ಟಿಕ್ ಗಾಜು ಹಳದಿಗಟ್ಟಿ ಸೊಟ್ಟಗಾಗುತ್ತದೆ. ಇಪ್ಪತ್ತು ಚಿತ್ರವಾದ ಮೇಲೆ ಹತ್ತು ನಿಮಿಷ ಬಿಡುವು ಕೊಡಿ. ಬ್ಯಾಟರಿ 5.25 ವೋಲ್ಟಿಗಿಂತ ಕೆಳಗಿಳಿಯಲು ಬಿಡಬೇಡಿ, ಬಳಸದಿದ್ದರೂ ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ, ಚಾರ್ಜ್ ಮಾಡುವಾಗ ಫ್ಲಾಶಿನಿಂದ ಬಿಡಿಸಿಡಿ. ಕೊನೆಗೆ ಅದು ಕೈಕೊಟ್ಟಾಗ ಕಸದ ಗಾಡಿಗೆ ಹಾಕಬೇಡಿ. ಒಳಗಿರುವುದು ಸೀಸ ಮತ್ತು ಆಮ್ಲ. ಹಳೆಯದನ್ನು ವಾಪಸು ತೆಗೆದುಕೊಳ್ಳುವ ಬ್ಯಾಟರಿ ಅಂಗಡಿಗೇ ಕೊಟ್ಟು ಬನ್ನಿ.