ತಿಣುಕಿದಷ್ಟೂ ಬಿಗಿಯುವ ಸ್ನಾಯುವಿಗೆ ಪಾಠ

ಹೆರಿಗೆಯ ನಂತರ ಮೂತ್ರ ತಡೆಯಲಾಗದೆ ಒದ್ದಾಡುತ್ತಿದ್ದ ಹೆಂಗಸರಿಗಾಗಿ ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್ ಒಂದು ಉಪಕರಣ ಮಾಡಿದ್ದರು. 1948ರಲ್ಲಿ ಅದರ ಬಗ್ಗೆ ಬರೆದರು. ಯೋನಿಯ ಸ್ನಾಯುಗಳನ್ನು ಬಿಗಿಹಿಡಿದರೆ ಒತ್ತಡಮಾಪಕದ ಮುಳ್ಳು ಮೇಲೇರುತ್ತಿತ್ತು. ಒಳಗೆ ಎಲ್ಲೋ ನಡೆಯುವ ಕೆಲಸವನ್ನು ರೋಗಿ ತಾನೇ ನೋಡುತ್ತ ಕಲಿಯಬಹುದಿತ್ತು. ಇಂಥ ಕಲಿಕೆಗೆ ಬಯೋಫೀಡ್‌ಬ್ಯಾಕ್ ಎಂಬ ಹೆಸರು ಬಳಕೆಗೆ ಬಂದದ್ದು ಆಮೇಲೆ, ಅರವತ್ತರ ದಶಕದ ಕೊನೆಗೆ.

1974ರಲ್ಲಿ ಬಾಲ್ಟಿಮೋರ್‌ನ ಸಂಶೋಧಕರಾದ ಎಂಗೆಲ್, ನಿಕೂಮನೇಶ್ ಮತ್ತು ಶುಸ್ಟರ್ ಇದೇ ದಾರಿಯಲ್ಲಿ ಮುಂದೆ ಹೋದರು. ಮಲ ತಡೆದುಕೊಳ್ಳಲಾಗದ 6 ಮಂದಿಯ ಮಲಾಶಯದೊಳಗೆ ಪುಟ್ಟ ಬಲೂನು ಉಬ್ಬಿಸಿ, ಸರಿಯಾದ ಕ್ಷಣಕ್ಕೆ ಗುದದ್ವಾರ ಬಿಗಿಹಿಡಿಯಲು ಕಲಿಸಿದರು. ನಾಲ್ವರು ಪೂರ್ತಿ ಹತೋಟಿ ಪಡೆದರು.

ಹಿಡಿಯಲು ಕಲಿಸಬಹುದಾದರೆ ಬಿಡಲು?

ಮಲಾಶಯದ ಹಿಂಬದಿಯಿಂದ ಬಳಸಿ ಅದನ್ನು ಮುಂದಕ್ಕೆ ಎಳೆದು ಹಿಡಿಯುವ ಒಂದು ಸ್ನಾಯುವಿದೆ, ಪ್ಯೂಬೊರೆಕ್ಟಾಲಿಸ್. ವಿಸರ್ಜನೆಯ ಹೊತ್ತಿಗೆ ಅದು ಸಡಿಲವಾಗಬೇಕು. ಕೆಲವರಲ್ಲಿ ತಿಣುಕಿದಾಗಲೇ ಅದು ಇನ್ನಷ್ಟು ಬಿಗಿಯುತ್ತದೆ, ಮಲಬದ್ಧತೆ ಕಾಡುತ್ತದೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪ್ರೆಸ್ಟನ್ ಮತ್ತು ಲೆನಾರ್ಡ್-ಜೋನ್ಸ್ 1985ರಲ್ಲಿ ಇದನ್ನು ವಿವರಿಸಿದರು. ಈ ಸ್ನಾಯುವನ್ನು ಕತ್ತರಿಸಿ ನೋಡಿದ್ದೂ ಉಂಟು. ಹೆಚ್ಚಿನವರಿಗೆ ಗುಣ ಕಾಣಲಿಲ್ಲ, ಕೆಲವರಿಗೆ ಮಲ ತಡೆಯುವ ಶಕ್ತಿಯೂ ಕುಂದಿತು. ಸ್ನಾಯುವಿನಲ್ಲಿ ದೋಷವೇ ಇಲ್ಲದಿರುವಾಗ, ಅದರ ಅಭ್ಯಾಸ ಮಾತ್ರ ತಪ್ಪಿರುವಾಗ, ಕತ್ತಿ ಏನು ಮಾಡೀತು!

1987ರಲ್ಲಿ ನೆದರ್‌ಲ್ಯಾಂಡ್ಸ್‌ನ ಬ್ಲೈಯೆನ್‌ಬರ್ಗ್ ಮತ್ತು ಕೈಪರ್ಸ್ ಇಂಥ 10 ರೋಗಿಗಳಿಗೆ ತರಬೇತಿ ಕೊಟ್ಟು ಫಲ ಕಂಡರು. ಇಂದಿನ ತರಬೇತಿಯೂ ಹೆಚ್ಚುಕಡಿಮೆ ಹಾಗೆಯೇ. ಗುದದ್ವಾರದ ಒತ್ತಡ ಪರದೆಯ ಮೇಲೆ ಗೆರೆಯಾಗಿ ಓಡುತ್ತದೆ. ಹೊಟ್ಟೆಯಿಂದ ಉಸಿರೆಳೆದು ಮೆಲ್ಲನೆ ತಳ್ಳುತ್ತ ಆ ಗೆರೆಯನ್ನು ಕೆಳಗಿಳಿಸಬೇಕು. ಆಮೇಲೆ ನೀರು ತುಂಬಿದ ಬಲೂನನ್ನು ಹೊರಹಾಕುವ ಅಭ್ಯಾಸ. ಕೆಲವು ವಾರಗಳ ಅವಧಿಯಲ್ಲಿ ಐದಾರು ಸಲ ಬಂದರೆ ಬಹಳ ಮಂದಿಗೆ ಹಿಡಿತ ಸಿಗುತ್ತದೆ.

ಇಟಲಿಯ ಕಿಯಾರಿಯೋನಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಹೋಲಿಕೆ ಕಣ್ತೆರೆಸುವಂಥದ್ದು: ಆರು ತಿಂಗಳ ನಂತರ ತರಬೇತಿ ಪಡೆದವರಲ್ಲಿ ಸುಮಾರು ಶೇ 80ರಷ್ಟು ಮಂದಿಗೆ ಚೆನ್ನಾಗಿ ಗುಣವಾಗಿತ್ತು, ಮಲ ಸಡಿಲಿಸುವ ಔಷಧಿ ಕುಡಿದವರಲ್ಲಿ ಶೇ 22 ಮಂದಿಗೆ ಮಾತ್ರ. ಮರುವರ್ಷ ಅಮೆರಿಕದ ಅಧ್ಯಯನವೊಂದರಲ್ಲಿ ಸ್ನಾಯು ಸಡಿಲಿಸುವ ಡಯಾಜೆಪಾಮ್ ಮಾತ್ರೆಯೂ ಈ ತರಬೇತಿಯ ಮುಂದೆ ಸೋತಿತು.

ಆದರೂ ನಾಚಿಕೆಯಿಂದ ಬಾಯಿಬಿಡದೆ ವರ್ಷಗಟ್ಟಲೆ ಪುಡಿ, ಮಾತ್ರೆ ನುಂಗುವವರು ಎಷ್ಟೋ ಮಂದಿ. ನಾರಿನ ಆಹಾರ, ಔಷಧಿ ಯಾವುದಕ್ಕೂ ಜಗ್ಗದ ಮಲಬದ್ಧತೆಯಿದ್ದರೆ ಜೀರ್ಣಾಂಗ ತಜ್ಞರಲ್ಲಿ ಬಲೂನು ಪರೀಕ್ಷೆಯ ಬಗ್ಗೆ ಕೇಳಬೇಕು. 50 ಮಿಲಿಲೀಟರ್ ನೀರಿನ ಬಲೂನನ್ನು ಒಂದೆರಡು ನಿಮಿಷದಲ್ಲಿ ಹೊರಹಾಕಲಾಗದಿದ್ದರೆ ಪ್ಯೂಬೊರೆಕ್ಟಾಲಿಸ್ ಸ್ನಾಯುವಿನ ಮೇಲೆ ಅನುಮಾನ ಪಡಬಹುದು.